95ರ ಪೆಟ್ರೋಲ್ ಹಾಕಿಸಿದರೆ ನನ್ನ ಕಾರಿಗೆ ಒಳ್ಳೆಯದಾ?

ಪ್ರಶ್ನೆ: ನಮ್ಮ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ದಿನಾ ಕಾರಿನಲ್ಲೇ ಓಡಾಟ. 2016ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎಪ್ಪತ್ತು ಸಾವಿರ ಕಿಲೋಮೀಟರ್ ದಾಟಿದೆ. ಮೊದಲು ಲೀಟರಿಗೆ 18 ಕಿಲೋಮೀಟರ್ ಬರುತ್ತಿತ್ತು, ಈಗ 16 ಬಂದರೆ ಹೆಚ್ಚು. ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಕಡೆಯಿಂದ ಟಿಕಿಟಿಕಿ ಸದ್ದು ಬರುತ್ತದೆ. ಬಂಕಿನ ಹುಡುಗ ಪ್ರತಿ ಸಲವೂ ‘ಸಾರ್, 95 ಹಾಕ್ಲಾ? ಮೈಲೇಜ್, ಪಿಕಪ್ ಎರಡೂ ಜಾಸ್ತಿ’ ಅನ್ನುತ್ತಾನೆ. ಲೀಟರಿಗೆ ಎಂಟು ರೂಪಾಯಿ ಹೆಚ್ಚು. ಸಹೋದ್ಯೋಗಿಯೊಬ್ಬರು ಅದು ಎಂಜಿನ್ ಒಳಗೆಲ್ಲ ತೊಳೆಯುತ್ತದೆ ಅಂದರು. ಇನ್ನೊಬ್ಬರು ‘ಹಳೇ ಗಾಡಿಗೆ ಅದು ಬಹಳ ಹೀಟು, ವಾಲ್ವ್ ಸುಟ್ಟುಹೋಗುತ್ತದೆ’ ಅಂದರು. ಅಮೆರಿಕದಲ್ಲಿರುವ ಅಣ್ಣನ ಮಗ ತಾನು 87 ಹಾಕಿಸುತ್ತೇನೆ ಅನ್ನುತ್ತಾನೆ. ಯಾರ ಮಾತು ನಂಬಲಿ? 100ರದ್ದೂ ಇದೆಯಂತೆ, ಅದು ಇನ್ನೂ ಒಳ್ಳೆಯದೇ? ಮಗನ 350 ಸಿಸಿ ಬೈಕಿಗೂ ಇದನ್ನೇ ಹಾಕಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕಾಯಿಲೆಗಳಿವೆ. ಒಂದು ಮೈಲೇಜ್ ಇಳಿದದ್ದು, ಇನ್ನೊಂದು ಬೆಟ್ಟದ ಮೇಲೆ ಕೇಳುವ ಸದ್ದು. ಎರಡಕ್ಕೂ ಒಂದೇ ಔಷಧ ಅಂತ ಬಂಕಿನಲ್ಲಿ ಹೇಳುತ್ತಿದ್ದಾರೆ. ಮೈಸೂರಿನಲ್ಲಿ ಎಂಜಿನ್ ಕೆಲಸ ಮಾಡುವ ನನ್ನ ಬಳಿಗೂ ಇದೇ ಪ್ರಶ್ನೆ ಹೊತ್ತು ಬರುವವರು ಬಹಳ. ಹಾಗೆ ಬರುವ ಹೆಚ್ಚಿನವರ ಮೈಲೇಜಿಗೂ ಆಕ್ಟೇನಿಗೂ ನೇರ ಸಂಬಂಧವೇ ಇರುವುದಿಲ್ಲ. ಸದ್ದಿಗೆ ಸಂಬಂಧ ಇದೆ, ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ.

ಮೊದಲು ಆ ಸಂಖ್ಯೆ ಏನು ಅಂತ ನೋಡೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಕೈಯಲ್ಲಿ ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒತ್ತಿದಷ್ಟೂ ಬಿಸಿ ಏರುತ್ತದೆ. ಎಂಜಿನ್ನಿನ ಸಿಲಿಂಡರಿನಲ್ಲೂ ಅದೇ ಆಗುವುದು. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹತ್ತು ಹನ್ನೆರಡು ಪಟ್ಟು ಒತ್ತುತ್ತದೆ, ಆಮೇಲೆ ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಪ್ಲಗ್ಗಿನಿಂದ ಸುತ್ತಲೂ ಹರಡುತ್ತಾ ಹೋಗಬೇಕು. ಹರಡುವ ಬೆಂಕಿ ಮುಂದಿನ ಮಿಶ್ರಣವನ್ನು ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಕಾಯಿಸುತ್ತದೆ. ಮೂಲೆಯಲ್ಲಿ ಉಳಿದ ಕೊನೆಯ ಪಾಲು ಬೆಂಕಿ ತನ್ನ ಹತ್ತಿರ ಬರುವ ಮೊದಲೇ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಸಿಲಿಂಡರಿನೊಳಗೆ ಒತ್ತಡದ ಅಲೆಗಳು ಗೋಡೆಗೆ ಬಡಿಯುತ್ತವೆ. ಹೊರಗೆ ನಮಗೆ ಕೇಳುವುದು ಟಿಕಿಟಿಕಿ, ಕಟಕಟ. ಇದೇ ನಾಕಿಂಗ್. ಹಾಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್.

ಅಳೆಯುವುದು ಹೇಗೆ? ಐಸೋ ಆಕ್ಟೇನ್ ಎಂಬ ದ್ರವಕ್ಕೆ 100 ಅಂಕ, ಸುಲಭವಾಗಿ ನಾಕ್ ಮಾಡುವ ಹೆಪ್ಟೇನ್‌ಗೆ ಸೊನ್ನೆ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿ ಹಾಕಿಕೊಟ್ಟ ಅಳತೆ ಇದು. ಕಂಪ್ರೆಷನ್ನನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ಒಂದೇ ಸಿಲಿಂಡರಿನ ವಿಶೇಷ ಎಂಜಿನ್‌ನಲ್ಲಿ ಪೆಟ್ರೋಲನ್ನು ಓಡಿಸಿ, ಅದು ಈ ಎರಡರ ಯಾವ ಪ್ರಮಾಣದ ಮಿಶ್ರಣದಂತೆ ನಡೆದುಕೊಳ್ಳುತ್ತದೆ ಅಂತ ಹೋಲಿಸುತ್ತಾರೆ. 91 ಅಂದರೆ ಶೇ. 91 ಐಸೋ ಆಕ್ಟೇನ್ ಇರುವ ಮಿಶ್ರಣದಷ್ಟು ತಡೆಯುತ್ತದೆ ಅಂತ. ಈ ಪರೀಕ್ಷೆಯನ್ನೇ ಎರಡು ವಿಧಾನದಲ್ಲಿ ಮಾಡುತ್ತಾರೆ. ನಿಮಿಷಕ್ಕೆ 600 ಸುತ್ತಿನಲ್ಲಿ ಹಗುರಾಗಿ ಮಾಡಿದ್ದು ರಾನ್, 900 ಸುತ್ತಿನಲ್ಲಿ ಮಿಶ್ರಣವನ್ನು ಚೆನ್ನಾಗಿ ಕಾಯಿಸಿ ಮಾಡಿದ್ದು ಮಾನ್. ನಮ್ಮ ಬಂಕಿನಲ್ಲಿ ಬರೆದಿರುವುದು ರಾನ್. ಅಮೆರಿಕದ ಬಂಕಿನಲ್ಲಿ ಬರೆಯುವುದು ಎರಡರ ಸರಾಸರಿ. ನಿಮ್ಮ ಅಣ್ಣನ ಮಗನ 87 ಹೆಚ್ಚುಕಡಿಮೆ ನಮ್ಮ 91ಕ್ಕೆ ಸಮ. ಆ ಮಾತು ಅಲ್ಲಿಗೆ ಬಿಡಿ.

ಆಕ್ಟೇನ್ ಹೆಚ್ಚಿದ್ದರೆ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಎಂಬ ನಂಬಿಕೆ ಸುಳ್ಳು ಅಂತ ತೋರಿಸಲು ದೂರ ಹೋಗಬೇಕಿಲ್ಲ. ಮಂಡ್ಯದ ಕಬ್ಬೇ ಸಾಕ್ಷಿ. ಕಬ್ಬಿನಿಂದ ಬರುವ ಎಥನಾಲ್‌ನ ಆಕ್ಟೇನ್ 108ರ ಆಸುಪಾಸು. ಆದರೆ ಒಂದು ಲೀಟರ್ ಎಥನಾಲ್ ಉರಿದರೆ ಸಿಗುವ ಶಾಖ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆಕ್ಟೇನ್ ಮೇಲೆ, ಶಕ್ತಿ ಕೆಳಗೆ. ಎರಡೂ ಬೇರೆ ಬೇರೆ ಗುಣ.

ವಾಲ್ವ್ ಸುಡುತ್ತದೆ ಅಂದವರ ಮಾತಿಗೂ ಇದರಲ್ಲೇ ಉತ್ತರ ಇದೆ. 95ರ ಪೆಟ್ರೋಲ್ ಹೆಚ್ಚು ಬಿಸಿಯಾಗಿ ಉರಿಯುವುದಿಲ್ಲ, ಹಳೆಯ ಎಂಜಿನ್ನಿಗೆ ಅದರಿಂದ ಹಾನಿ ಇಲ್ಲ. ಟ್ಯಾಂಕಿನಲ್ಲಿ ಅರ್ಧ ಸಾದಾ, ಅರ್ಧ ಪ್ರೀಮಿಯಂ ಬೆರೆತರೂ ಏನೂ ಕೆಡುವುದಿಲ್ಲ, ಆಕ್ಟೇನ್ ನಡುವೆ ಎಲ್ಲೋ ನಿಲ್ಲುತ್ತದೆ. ನಷ್ಟ ಆದರೆ ಜೇಬಿಗೆ ಮಾತ್ರ.

ಇನ್ನು ಎಂಜಿನ್ ಆ ಹೆಚ್ಚಿನ ಆಕ್ಟೇನ್ ಅನ್ನು ಬಳಸಿಕೊಳ್ಳುತ್ತದೆಯೇ ಎಂಬುದು. ನಿಮ್ಮಂಥ ಕಾರಿನ ಎಂಜಿನ್ ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಬಿಗಿದಿರುತ್ತಾರೆ, ಹೆಬ್ಬೆರಳಿನಷ್ಟು ಗಾತ್ರ. ನಾಕಿಂಗ್‌ನ ಕಂಪನ ಬಂದ ಕೂಡಲೇ ಅದು ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೆ ಸಂಕೇತ ಕೊಡುತ್ತದೆ, ಇಸಿಯು ಪ್ಲಗ್ಗಿನ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಸದ್ದು ನಿಲ್ಲುತ್ತದೆ, ಜೊತೆಗೆ ಒಂದಿಷ್ಟು ಪಿಕಪ್ಪೂ ಹೋಗುತ್ತದೆ. ಆಕ್ಟೇನ್ ಹೆಚ್ಚಿದ್ದರೆ ಈ ತಡಮಾಡುವಿಕೆ ಬೇಕಾಗದೆ ಹೋಗಬಹುದು. ಆದರೆ ಯಾವಾಗ ಕಿಡಿ ಕೊಡಬೇಕು ಅಂತ ಕಂಪನಿ ಬರೆದಿಟ್ಟ ಟೈಮಿಂಗ್ ನಕ್ಷೆಗಿಂತ ಮುಂದೆ ಇಸಿಯು ತಾನಾಗಿ ಹೋಗುವುದಿಲ್ಲ. 91ಕ್ಕೆ ಅಂತಲೇ ನಕ್ಷೆ ಬರೆದ ಕಾರಿಗೆ 95 ಹಾಕಿದರೆ, ನಾಕಿಂಗ್ ಇಲ್ಲದ ಸಮಯದಲ್ಲಿ ಸಿಗುವುದು ಏನೂ ಇಲ್ಲ. ಮೈಸೂರು ರಸ್ತೆಯಲ್ಲಿ ಐದನೇ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ನಿಮ್ಮ ಎಂಜಿನ್ ಮೇಲೆ ನಾಕಿಂಗ್ ಹುಟ್ಟುವಷ್ಟು ಹೊರೆಯೇ ಬೀಳುವುದಿಲ್ಲ. ನಿಮ್ಮ ಓಡಾಟದ ಬಹುಪಾಲು ಅದೇ.

ಕಂಪ್ರೆಷನ್ ಹೆಚ್ಚಿರುವ ಹೊಸ ಎಂಜಿನ್ನಿಗಾದರೂ ಬೇಡವೇ ಅಂತ ಕೆಲವರು ಕೇಳುತ್ತಾರೆ. ಮಾರುತಿಯ 1.2 ಲೀಟರ್ ಡ್ಯುಯಲ್‌ಜೆಟ್ ಎಂಜಿನ್ನಿನ ಕಂಪ್ರೆಷನ್ 12:1. ಅಷ್ಟಿದ್ದೂ ಅದು ಸಾದಾ ಪೆಟ್ರೋಲಿನಲ್ಲೇ ಓಡುವಂತೆ ಮಾಡಿದ ಎಂಜಿನ್. ಕಂಬಶ್ಚನ್ ಚೇಂಬರಿನ ಆಕಾರ, ಕೂಲಿಂಗ್, ವಾಲ್ವ್ ಟೈಮಿಂಗ್ ಎಲ್ಲ ಸೇರಿ ಅದನ್ನು ಸಂಭಾಳಿಸುತ್ತವೆ. ಬರೀ ಕಂಪ್ರೆಷನ್ ಸಂಖ್ಯೆ ನೋಡಿ ಪೆಟ್ರೋಲ್ ಆರಿಸಬೇಡಿ. ಟ್ಯಾಂಕಿನ ಮುಚ್ಚಳದ ಒಳಗಡೆ ಅಥವಾ ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಸಂಖ್ಯೆಯೇ ಕೊನೆಯ ಮಾತು.

ಈಗ ಬಂಕಿನ ಹುಡುಗ ಹೇಳದ ಒಂದು ವಿಷಯ. ನಿಮ್ಮ ಸಾದಾ ಪೆಟ್ರೋಲು ಮೊದಲಿನ ಸಾದಾ ಪೆಟ್ರೋಲಾಗಿ ಉಳಿದಿಲ್ಲ. ಒಂದು ಕಾಲಕ್ಕೆ 88 ಇದ್ದದ್ದು 91 ಆಯಿತು. 2025ರ ಹೊತ್ತಿಗೆ ಶೇ. 20 ಎಥನಾಲ್ ಬೆರೆಸುವುದು ದೇಶದಲ್ಲೆಲ್ಲ ಬಂತು. ಎಥನಾಲ್ ಸೇರಿದ್ದರಿಂದ ಸಾದಾ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಅಂದರೆ 91ರಲ್ಲಿ ಓಡಲಿ ಅಂತ ಮಾಡಿದ ನಿಮ್ಮ ಕಾರಿಗೆ ಈಗ ಬೀಳುತ್ತಿರುವುದು ಅದಕ್ಕಿಂತ ಹೆಚ್ಚು ಆಕ್ಟೇನ್‌ನ ಪೆಟ್ರೋಲು. ಅಷ್ಟಾದರೂ ಬೆಟ್ಟದಲ್ಲಿ ನಾಕ್ ಮಾಡುತ್ತಿದೆ ಅಂದರೆ ಕಾರಣವನ್ನು ಬಂಕಿನಲ್ಲಿ ಹುಡುಕಬೇಡಿ, ಬಾನೆಟ್ಟಿನ ಕೆಳಗೆ ಹುಡುಕಿ.

ಮೈಲೇಜಿನ ಲೆಕ್ಕ ಮುಗಿಸಿ ಸದ್ದಿಗೆ ಬರುತ್ತೇನೆ. ಶೇ. 20 ಎಥನಾಲ್, ಅದರಲ್ಲಿ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಅಂದರೆ ಪೂರ್ತಿ ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ ಶೇ. 6-7ರಷ್ಟು ಶಕ್ತಿ ಖೋತಾ. ನೀತಿ ಆಯೋಗದ 2021ರ ಎಥನಾಲ್ ವರದಿಯಲ್ಲೂ ನಿಮ್ಮಂಥ ಹಳೆಯ ನಾಲ್ಕು ಚಕ್ರದ ಗಾಡಿಗಳಿಗೆ ಇಷ್ಟೇ ಇಳಿಕೆಯ ಅಂದಾಜಿತ್ತು. 18ರಲ್ಲಿ ಅಷ್ಟು ಕಳೆದರೆ ಹದಿನೇಳರ ಹತ್ತಿರ ನಿಲ್ಲುತ್ತದೆ. ಎಥನಾಲ್‌ನಿಂದ ಹೋದ ಈ ಪಾಲನ್ನು 95ರ ಪ್ರೀಮಿಯಂ ವಾಪಸ್ ತರುವುದಿಲ್ಲ, ಏಕೆಂದರೆ ಅದರಲ್ಲೂ ಸಾಮಾನ್ಯವಾಗಿ ಎಥನಾಲ್ ಬೆರೆತೇ ಇರುತ್ತದೆ.

ಉಳಿದ ಒಂದು ಕಿಲೋಮೀಟರ್ ಎಲ್ಲಿ ಹೋಯಿತು? ನನ್ನ ಅನುಮಾನ ನಿಮ್ಮ ಬಲಗಾಲಿನ ಮೇಲೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆದ ಮೇಲೆ ಮಂಡ್ಯ-ಮೈಸೂರು ನಡುವೆ ಎಲ್ಲರ ವೇಗವೂ ಏರಿದೆ. ಹಳೇ ರಸ್ತೆಯಲ್ಲಿ ಶ್ರೀರಂಗಪಟ್ಟಣ ದಾಟುವ ತನಕ ಎಪ್ಪತ್ತು ಮುಟ್ಟಿದರೆ ಹೆಚ್ಚಾಗಿತ್ತು. ಈಗ ಗಣಂಗೂರು ಟೋಲ್ ದಾಟಿದ ಕೂಡಲೇ ನೂರು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎಪ್ಪತ್ತರಿಂದ ನೂರಕ್ಕೆ ಹೋದರೆ ಆ ಪ್ರತಿರೋಧ ಎರಡರಷ್ಟಾಗುತ್ತದೆ. ಒಂದು ವಾರ ಎಂಬತ್ತರಲ್ಲಿ, ಎಡಗಡೆ ಲೇನಿನಲ್ಲಿ ಓಡಿಸಿ ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಲೆಕ್ಕ ಹಾಕಿ ನೋಡಿ. ಟೈರಿನ ಗಾಳಿಯನ್ನೂ ನೋಡಿಕೊಳ್ಳಿ.

ಪ್ರೀಮಿಯಂ ಹಾಕಿಸಿದರೆ ಖರ್ಚು ಹೊಂದಬೇಕಾದರೆ ಎಷ್ಟು ಮೈಲೇಜ್ ಏರಬೇಕು ಅಂತಲೂ ನೋಡೋಣ. ದಿನಕ್ಕೆ 90 ಕಿಲೋಮೀಟರ್, ತಿಂಗಳಿಗೆ 25 ದಿನ ಅಂದರೆ 2,250 ಕಿಲೋಮೀಟರ್. ಹದಿನಾರರ ಲೆಕ್ಕದಲ್ಲಿ 140 ಲೀಟರ್. ಲೀಟರಿಗೆ ಎಂಟು ರೂಪಾಯಿಯಂತೆ ತಿಂಗಳಿಗೆ 1,120, ವರ್ಷಕ್ಕೆ ಹದಿಮೂರು ಸಾವಿರದ ಮೇಲೆ. ಸಾದಾ ಪೆಟ್ರೋಲ್ 103 ರೂಪಾಯಿ ಅಂತ ಇಟ್ಟುಕೊಂಡರೆ, ಆ ದುಡ್ಡು ವಾಪಸ್ ಬರಲು ಮೈಲೇಜ್ 16ರಿಂದ 17.2ಕ್ಕೆ ಏರಬೇಕು. ಸಾದಾ ಪೆಟ್ರೋಲಿಗೆಂದೇ ಮಾಡಿದ ಕಾರಿನಲ್ಲಿ ಬರೀ ಆಕ್ಟೇನ್‌ನಿಂದ ಅಷ್ಟು ಏರಿದ್ದನ್ನು ನಾನು ಕಂಡಿಲ್ಲ. ‘ನನಗೆ ಬಂತು ಸಾರ್’ ಅನ್ನುವವರು ಸಿಗುತ್ತಾರೆ. ದುಬಾರಿ ಪೆಟ್ರೋಲ್ ಹಾಕಿಸಿದ ವಾರ ಮನುಷ್ಯ ತಾನೇ ಮೆತ್ತಗೆ ಓಡಿಸುತ್ತಾನೆ, ಮೀಟರ್ ಮೇಲೆ ಕಣ್ಣಿಟ್ಟಿರುತ್ತಾನೆ. ಅವರು ಸುಳ್ಳು ಹೇಳುತ್ತಿಲ್ಲ.

ಇನ್ನು ಚಾಮುಂಡಿ ಬೆಟ್ಟದ ಸದ್ದು. ನಿಮ್ಮ ಪತ್ರದಲ್ಲಿ ನಿಜವಾಗಿ ಗಮನ ಕೊಡಬೇಕಾದದ್ದು ಇದೇ.

ಮೊದಲು ಅದು ನಾಕಿಂಗೇ ಅಂತ ಖಚಿತ ಮಾಡಿಕೊಳ್ಳಿ. ಸೈಲೆನ್ಸರಿನ ಹೀಟ್ ಶೀಲ್ಡ್ ಸಡಿಲಾದರೂ ಇಂಥದೇ ಸದ್ದು ಬರುತ್ತದೆ, ಆದರೆ ಅದು ತಗಡಿನ ಗಲಗಲ, ನಿಂತ ಗಾಡಿಯಲ್ಲೂ ಯಾವುದೋ ಒಂದು ಆರ್‌ಪಿಎಂನಲ್ಲಿ ಕೇಳುತ್ತದೆ. ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದಾದರೆ ಐಡ್ಲಿಂಗ್‌ನಲ್ಲೂ ಇರುತ್ತದೆ, ವೇಗದ ಜೊತೆ ಏರುತ್ತಾ ಹೋಗುತ್ತದೆ. ನಾಕಿಂಗ್ ಹಾಗಲ್ಲ. ಹೊರೆ ಬಿದ್ದಾಗ ಮಾತ್ರ, ಆಕ್ಸಲರೇಟರ್ ಒತ್ತಿದಾಗ ಮಾತ್ರ ಬರುತ್ತದೆ. ಕಾಲು ಸಡಿಲಿಸಿದ ಕ್ಷಣ ಮಾಯ. ಬೆಟ್ಟದ ತಿರುವಿನಲ್ಲಿ ಸದ್ದು ಶುರುವಾದಾಗ ಕಾಲನ್ನು ಅರ್ಧ ಎತ್ತಿ ನೋಡಿ.

ನಾಕಿಂಗೇ ಆದರೆ ಮೊದಲ ಅನುಮಾನ ಗೇರಿನ ಮೇಲೆ. ಐದು ಜನ, ಎಸಿ, ಮೂರನೇ ಗೇರು, ವೇಗ ಮೂವತ್ತಕ್ಕಿಂತ ಕಡಿಮೆ. ಮೈಲೇಜ್ ಉಳಿಸಲು ಅಂತ ಗೇರ್ ಇಳಿಸದೆ ಎಳೆಸುವವರು ನಮ್ಮಲ್ಲಿ ಬಹಳ ಜನ. 3,000 ಆರ್‌ಪಿಎಂನಲ್ಲಿ ಎಂಜಿನ್ನಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್, 1,500ರಲ್ಲಿ 40. ಎಂಜಿನ್ ನಿಧಾನವಾದಷ್ಟೂ ಮೂಲೆಯ ಮಿಶ್ರಣಕ್ಕೆ ಕಾದು ತಾನಾಗಿ ಹೊತ್ತಿಕೊಳ್ಳಲು ಸಮಯ ಜಾಸ್ತಿ. ಎರಡನೇ ಗೇರಿಗೆ ಇಳಿಸಿ. ಎಂಜಿನ್ ಕೂಗುತ್ತದೆ, ಕೂಗಲಿ ಬಿಡಿ. ಹೀಗೆ ಮಾಡಿದರೆ ಸಾಕು, ಬೆಟ್ಟದ ಸದ್ದಿನ ದೂರು ಅಲ್ಲಿಗೇ ಮುಗಿದ ಗಾಡಿಗಳು ಬೇಕಾದಷ್ಟಿವೆ.

ಎರಡನೇ ಗೇರಿನಲ್ಲೂ ಸದ್ದು ಬಂದರೆ ಒಳಗೆ ಕಾರ್ಬನ್ ಕೂತಿದೆ ಅಂತ ಊಹಿಸಬೇಕು. ಎಪ್ಪತ್ತು ಸಾವಿರ ಓಡಿದ, ದಿನಾ ಒಂದೇ ವೇಗದಲ್ಲಿ ಹೋಗುವ ಎಂಜಿನ್ನಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಕಥೆ ಗೊತ್ತಾಗುತ್ತದೆ. ಚೆನ್ನಾಗಿರುವ ಪ್ಲಗ್ಗಿನ ಪಿಂಗಾಣಿ ತುದಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿರುತ್ತದೆ. ಬೂದಿಬೂದಿಯಾಗಿ, ಒಂದು ಮಗ್ಗುಲಲ್ಲಿ ಗಟ್ಟಿಯಾಗಿ ಹರಳು ಕಟ್ಟಿದ್ದರೆ ಆಯಿಲ್ ಉರಿಯುತ್ತಿದೆ. ಪಿಂಗಾಣಿ ಬೆಳ್ಳಗೆ ಬಿಳಿಚಿಕೊಂಡು, ಅದರ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ನಾಕಿಂಗ್ ಬಹಳ ದಿನದಿಂದ ನಡೆಯುತ್ತಿದೆ. ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ತಲೆ ನೋಡಬಹುದು. ಅಲ್ಲಿ ಕಾರ್ಬನ್ ಪದರ ದಪ್ಪಗಿದ್ದರೆ ಎರಡು ರೀತಿಯಲ್ಲಿ ತೊಂದರೆ. ಸಿಲಿಂಡರಿನ ಜಾಗ ಕಿರಿದಾಗಿ ಕಂಪ್ರೆಷನ್ ಏರುತ್ತದೆ, ಮತ್ತೆ ಆ ಪದರ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. 91 ಸಾಕಾಗುತ್ತಿದ್ದ ಎಂಜಿನ್ ಹೆಚ್ಚು ಕೇಳಲು ಶುರುಮಾಡುವುದು ಹೀಗೆ.

ಕಾರ್ಬನ್ ಒಂದೇ ಅಲ್ಲ. ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಅರ್ಧ ಮುಚ್ಚಿಕೊಂಡಿದ್ದರೆ, ರೇಡಿಯೇಟರಿನಲ್ಲಿ ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿದ್ದರೆ (ನಮ್ಮ ಕಡೆಯ ಗಡಸು ನೀರು ಒಳಗೆ ಎಂಥಾ ಉಪ್ಪಿನ ಪದರ ಕಟ್ಟುತ್ತದೆ ಅನ್ನುವುದನ್ನು ರೇಡಿಯೇಟರ್ ಬಿಚ್ಚುವವರನ್ನು ಕೇಳಿ) ಎಂಜಿನ್ ಬೇಕಾದ್ದಕ್ಕಿಂತ ಬಿಸಿಯಾಗಿ ಓಡುತ್ತದೆ. ಯಾರೋ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಹೀಟ್ ರೇಂಜಿನ ಪ್ಲಗ್ ಹಾಕಿದ್ದರೂ ಅಷ್ಟೇ. ಇನ್‌ಟೇಕ್ ರಬ್ಬರ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ, ಇಂಜೆಕ್ಟರ್ ಅರ್ಧ ಕಟ್ಟಿಕೊಂಡಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಅದೂ ನಾಕಿಂಗಿಗೆ ದಾರಿ. ಇಲ್ಲಿ ಎಥನಾಲ್‌ನ ಮಾತು ಮತ್ತೆ ಬರುತ್ತದೆ. ನಿಮ್ಮ 2016ರ ಇಸಿಯು ಕಡಿಮೆ ಎಥನಾಲ್‌ನ ಪೆಟ್ರೋಲಿಗೆ ಟ್ಯೂನ್ ಆದದ್ದು. ಎಥನಾಲ್ ಹೆಚ್ಚಾದಾಗ ಸರಿಯಾಗಿ ಉರಿಯಲು ಇಂಧನವೂ ಹೆಚ್ಚು ಬೇಕು, ಹಾಗಾಗಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಇಂಧನ ಏರಿಸುತ್ತಾ ಇರುತ್ತದೆ. ಸ್ಕ್ಯಾನರ್ ಹಾಕಿದರೆ ‘ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್’ ಅಂತ ಒಂದು ಸಂಖ್ಯೆ ಸಿಗುತ್ತದೆ, ಇಸಿಯು ಇಂಧನವನ್ನು ಶೇಕಡ ಎಷ್ಟು ಏರಿಸಿದೆ ಇಲ್ಲವೇ ಇಳಿಸಿದೆ ಅನ್ನುವುದರ ಲೆಕ್ಕ ಅದು. ಹಳೆಯ ಕಾರುಗಳಲ್ಲಿ ಅದು ಈಗ ಸ್ವಲ್ಪ ಪ್ಲಸ್ ಕಡೆ ಇರುವುದು ಸಹಜ. ಹತ್ತು ದಾಟಿದ್ದರೆ ಮಾತ್ರ ಗಾಳಿ ಸೋರಿಕೆಯೋ ಇಂಜೆಕ್ಟರೋ ಆಕ್ಸಿಜನ್ ಸೆನ್ಸರೋ ಅಂತ ಹುಡುಕಿಸಿ. ಇದನ್ನು ನೋಡಿಕೊಂಡರೆ ನಿಮ್ಮ ಮೈಲೇಜಿನ ಕಥೆಯೂ ಅರ್ಧ ಬಯಲಾಗುತ್ತದೆ.

95 ಹಾಕಿಸಿದರೆ ಈ ಸದ್ದು ಕಡಿಮೆ ಆಗಬಹುದೇ? ಬಂಕಿನ ಸಾದಾ ಪೆಟ್ರೋಲಿಗಿಂತ ಅದರ ಆಕ್ಟೇನ್ ನಿಜವಾಗಿ ಹೆಚ್ಚಿದ್ದರೆ ಆಗಬಹುದು. ಕಾರ್ಬನ್ ಕಟ್ಟಿದ ಎಂಜಿನ್ನಿಗೆ ಹೆಚ್ಚಿನ ಆಕ್ಟೇನ್ ನಿಜವಾಗಿಯೂ ನೆಮ್ಮದಿ ಕೊಡುತ್ತದೆ. ನಾನು ಹೆದರುವುದೂ ಅದಕ್ಕೇ. ಸದ್ದು ನಿಂತಿತು ಅಂತ ನೀವು ಸುಮ್ಮನಾಗುತ್ತೀರಿ, ಒಳಗೆ ಥರ್ಮೋಸ್ಟಾಟ್ ಹಾಳಾಗುತ್ತಲೋ ಆಯಿಲ್ ಉರಿಯುತ್ತಲೋ ಇರುತ್ತದೆ. ಜೋರಾದ ನಾಕಿಂಗ್ ವರ್ಷಗಟ್ಟಲೆ ಮುಂದುವರಿದರೆ ಪಿಸ್ಟನ್ ಅಂಚು ತಿಂದುಹೋಗುತ್ತದೆ, ರಿಂಗ್ ಕೂರುವ ಜಾಗ ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಪ್ರೀಮಿಯಂ ಪೆಟ್ರೋಲಿನ ಒಂದು ವರ್ಷದ ಹೆಚ್ಚುವರಿ ಖರ್ಚಿನಲ್ಲಿ ನಾಲ್ಕು ಹೊಸ ಪ್ಲಗ್, ಕೂಲೆಂಟ್ ಬದಲಾವಣೆ, ಇಂಜೆಕ್ಟರ್ ಕ್ಲೀನಿಂಗ್, ಸ್ಕ್ಯಾನಿಂಗ್ ಎಲ್ಲ ಆಗಿ ದುಡ್ಡು ಉಳಿಯುತ್ತದೆ.

ತೊಳೆಯುತ್ತದೆ ಅಂದ ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಆದರೆ ತೊಳೆಯುವ ಕೆಲಸ ಆಕ್ಟೇನ್‌ದಲ್ಲ, ಪ್ರೀಮಿಯಂ ಪೆಟ್ರೋಲಿಗೆ ಹೆಚ್ಚಾಗಿ ಬೆರೆಸುವ ಡಿಟರ್ಜೆಂಟಿನದು. ನಿಮ್ಮ ಕಾರಿನಂತೆ ಇನ್‌ಟೇಕ್ ವಾಲ್ವಿನ ಹಿಂದೆ ಪೆಟ್ರೋಲ್ ಸಿಂಪಡಿಸುವ ಎಂಜಿನ್‌ನಲ್ಲಿ ಅದು ವಾಲ್ವು, ಇಂಜೆಕ್ಟರು ಚೊಕ್ಕವಾಗಿಡಲು ನೆರವಾಗುತ್ತದೆ. ನೇರ ಸಿಲಿಂಡರಿನೊಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ವಾಲ್ವಿನ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಅಲ್ಲಿ ಅದರ ಆಟ ನಡೆಯುವುದಿಲ್ಲ. ವರ್ಷಗಳಿಂದ ಗಟ್ಟಿಯಾಗಿ ಕೂತ ಕಾರ್ಬನ್ನನ್ನು ಎರಡು ಟ್ಯಾಂಕ್ ಪ್ರೀಮಿಯಂ ಕಿತ್ತು ಹಾಕುತ್ತದೆ ಅಂತ ಕಾಯಬೇಡಿ. ಆಸೆ ಇದ್ದರೆ ಸರ್ವಿಸ್ ಆದ ಮೇಲೆ ಆಗೊಮ್ಮೆ ಈಗೊಮ್ಮೆ ಒಂದು ಟ್ಯಾಂಕ್ ಹಾಕಿಸಿ, ತಪ್ಪೇನಿಲ್ಲ.

ನಿಜವಾಗಿ ಇದು ಬೇಕಾಗುವ ಗಾಡಿಗಳೂ ಇವೆ. ಮುಚ್ಚಳದ ಒಳಗೆ ‘ಕನಿಷ್ಠ 95’ ಅಂತ ಬರೆದಿದ್ದರೆ ಎರಡು ಮಾತಿಲ್ಲ. ದುಬಾರಿ ಜರ್ಮನ್ ಕಾರುಗಳಲ್ಲಿ, ಹೆಚ್ಚು ಬೂಸ್ಟ್‌ನ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಮಾಮೂಲು. ಕೆಲವು ಟರ್ಬೊ ಕಾರುಗಳಲ್ಲಿ 95 ಉತ್ತಮ, 91 ನಡೆಯುತ್ತದೆ ಅಂತ ಬರೆದಿರುತ್ತದೆ. ಅಂಥವರು ಊಟಿಗೋ ಮಡಿಕೇರಿಗೋ ತುಂಬಿದ ಗಾಡಿಯಲ್ಲಿ ಹೋಗುವಾಗ 95 ಹಾಕಿಸಿದರೆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಟರ್ಬೊ ಗಾಡಿಯವರಿಗೆ ಇನ್ನೊಂದು ಮಾತು: ಕಡಿಮೆ ಆರ್‌ಪಿಎಂನಲ್ಲಿ ಏಕಾಏಕಿ ಕಾಲು ಒತ್ತಿದಾಗ ಕಿಡಿಗೂ ಮುಂಚೆಯೇ ಹೊತ್ತಿಕೊಳ್ಳುವ ಪ್ರೀ-ಇಗ್ನಿಷನ್ ತೊಂದರೆಗೆ ಪೆಟ್ರೋಲಿಗಿಂತ ಎಂಜಿನ್ ಆಯಿಲಿನ ದರ್ಜೆ ಮುಖ್ಯ. ಮ್ಯಾನ್ಯುಯಲ್ ಹೇಳಿದ ದರ್ಜೆಯದೇ ಹಾಕಿಸಿ.

100ರ ವಿಷಯ. ಇಂಡಿಯನ್ ಆಯಿಲ್ ಎಕ್ಸ್‌ಪಿ100 ಅನ್ನು 2020ರ ಡಿಸೆಂಬರಿನಲ್ಲಿ ತಂದಾಗ ಅದರ ಬೆಲೆ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ ಆಸುಪಾಸು. ಸೂಪರ್‌ಬೈಕು, ಸ್ಪೋರ್ಟ್ಸ್ ಕಾರಿನವರಿಗೆ ಅಂತ ಬಂದದ್ದು. ಅದರಲ್ಲಿ ಎಥನಾಲ್ ಇಲ್ಲ ಅನ್ನುವ ಕಾರಣಕ್ಕೆ ಈಗ ಕೆಲವರು ಸಾದಾ ಕಾರಿಗೂ ಹುಡುಕಿಕೊಂಡು ಹೋಗುತ್ತಾರೆ. ಎಥನಾಲ್ ಇಲ್ಲದ್ದರಿಂದ ಮೈಲೇಜ್ ಶೇ. 6-7 ಏರಿದರೂ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಏರಿರುತ್ತದೆ. ಎಥನಾಲ್‌ನಿಂದ ರಬ್ಬರ್ ಹಾಳಾದೀತು ಅನ್ನುವ ಚಿಂತೆ ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಕೆಲವು ಹಳೆಯ ಗಾಡಿಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಸಚಿವಾಲಯವೂ ಹೇಳಿದೆ. ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪುಗಳನ್ನು ಕೈಯಲ್ಲಿ ಬಗ್ಗಿಸಿ ನೋಡಲು ಹೇಳಿ. ಬಗ್ಗಿಸಿದಾಗ ಬಿರುಕು ಕಂಡರೆ, ಮುಟ್ಟಿದರೆ ಅಂಟಂಟಾಗಿದ್ದರೆ ಬದಲಿಸಿ. ದೊಡ್ಡ ಖರ್ಚಲ್ಲ.

ಆಕ್ಟೇನ್ ಬೂಸ್ಟರ್ ಅಂತ ಬರುವ ಬಾಟಲಿಗಳಿಂದ ದೂರ ಇರಿ. ಅವುಗಳಲ್ಲಿ ಕೆಲವಕ್ಕೆ ಮ್ಯಾಂಗನೀಸ್ ಸಂಯುಕ್ತ ಹಾಕಿರುತ್ತಾರೆ. ಪ್ಲಗ್ಗಿನ ಮೇಲೆ ಇಟ್ಟಿಗೆ ಬಣ್ಣದ ಪದರ ಕೂರುತ್ತದೆ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಒಳ್ಳೆಯದಲ್ಲ. ಹಿಂದಿನವರು ಟ್ಯಾಂಕಿಗೆ ನುಸಿಗುಳಿಗೆ ಹಾಕುತ್ತಿದ್ದರು, ಇವತ್ತಿಗೂ ಆ ಸಲಹೆ ಕೊಡುವ ಹಿರಿಯರು ಸಿಗುತ್ತಾರೆ. ಫ್ಯೂಯಲ್ ಪಂಪಿನ ಬೆಲೆ ವಿಚಾರಿಸಿಕೊಂಡು ಆಮೇಲೆ ಅವರ ಮಾತು ಕೇಳಿ.

ಒಂದು ಸಾಧ್ಯತೆ ಉಳಿಯಿತು: ನಿರ್ದಿಷ್ಟ ಬಂಕಿನಲ್ಲಿ ಹಾಕಿಸಿದಾಗ ಮಾತ್ರ ಸದ್ದು ಹೆಚ್ಚುತ್ತದೆಯೇ? ಸೀಮೆಎಣ್ಣೆಯಂಥದು ಬೆರೆತರೆ ಆಕ್ಟೇನ್ ಕುಸಿಯುತ್ತದೆ. ಅನುಮಾನ ಬಂದರೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಕೇಳಿ, ಕೇಳುವ ಹಕ್ಕು ಗ್ರಾಹಕರಿಗಿದೆ. ನಾಝಲ್ ತುದಿ ಒರೆಸಿ ಒಂದು ಹನಿ ಬಿಟ್ಟರೆ ಎರಡು ನಿಮಿಷದೊಳಗೆ ಕಲೆ ಉಳಿಯದೆ ಆರಬೇಕು. ಡೆನ್ಸಿಟಿಯನ್ನೂ ಅಳೆದು ತೋರಿಸಬೇಕು. 15 ಡಿಗ್ರಿ ಉಷ್ಣತೆಗೆ ಪರಿವರ್ತಿಸಿದ ಸಂಖ್ಯೆ ಬಂಕಿನವರ ದಾಖಲೆಯ ಸಂಖ್ಯೆಗಿಂತ ಘನಮೀಟರಿಗೆ 3 ಕೆಜಿಗೂ ಹೆಚ್ಚು ಆಚೀಚೆ ಇರಬಾರದು. ಬೆಳಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಇದನ್ನು ಕೇಳಿದರೆ ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ, ಭಾನುವಾರ ಹೋಗಿ.

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು. ಈ ವಾರವೇ ಎರಡನೇ ಗೇರಿನಲ್ಲಿ ಬೆಟ್ಟ ಹತ್ತಿ ನೋಡಿ. ಸದ್ದು ಹೋದರೆ ಏನೂ ಖರ್ಚು ಮಾಡಬೇಡಿ. ಹೋಗದಿದ್ದರೆ ಪ್ಲಗ್ ಬಿಚ್ಚಿಸಿ, ಫ್ಯೂಯಲ್ ಟ್ರಿಮ್ ಮತ್ತು ಕೂಲೆಂಟ್ ಉಷ್ಣತೆ ನೋಡಿಸಿ. ಪ್ಲಗ್ ತೆಗೆದ ಮೇಲೆ ಅದನ್ನು ನಿಮ್ಮ ಕೈಗೇ ಕೊಡಲು ಹೇಳಿ, ಮೆಕ್ಯಾನಿಕ್ಕಿನ ಬಾಯಿಮಾತಿಗಿಂತ ಅದು ಹೆಚ್ಚು ಹೇಳುತ್ತದೆ. ಕೆಲಸ ಆಗುವ ತನಕ, ಮನೆಯವರ ಜೊತೆ ಘಾಟಿ ಹತ್ತಲೇಬೇಕಾದರೆ, ಆಗ 95 ಹಾಕಿಸಿಕೊಳ್ಳಿ. ಎಂಜಿನ್ನಿಗೆ ತಾತ್ಕಾಲಿಕ ರಕ್ಷಣೆ ಆಗಬಹುದು. ರಿಪೇರಿ ಆದ ಮೇಲೂ ನೀವು ಅದನ್ನೇ ಮುಂದುವರಿಸುತ್ತೇನೆ ಅಂದರೆ ನಾನು ತಡೆಯುವುದಿಲ್ಲ, ಆದರೆ ಹಾಕಿಸಿ ಅಂತ ಹೇಳುವುದೂ ಇಲ್ಲ.

ಮಗನ ಬೈಕು ರಾಯಲ್ ಎನ್‌ಫೀಲ್ಡ್‌ನ ಈಗಿನ 350 ಎಂಜಿನ್ನಿನದಾದರೆ ಅದರ ಕಂಪ್ರೆಷನ್ 9.5:1, ನಿಮ್ಮ ಕಾರಿಗಿಂತ ಕಡಿಮೆ ಬೇಡಿಕೆಯ ಗಾಡಿ. ಸಾದಾ ಪೆಟ್ರೋಲೇ ಸಾಕು. ಅವನು ಬೇರೆ ಕಂಪನಿಯ ಬೈಕ್ ಇಟ್ಟುಕೊಂಡಿದ್ದರೆ ಮ್ಯಾನ್ಯುಯಲ್ಲಿನ ಇಂಧನದ ಪುಟ ತೆರೆದು ಅಲ್ಲಿರುವ ಸಂಖ್ಯೆಯನ್ನು ನೋಡಲಿ.